ಉಡಿಗೆ ಬಿದ್ದ ಆಟದ ಡಬ್ಬಿ

ಮೊನ್ನೆ ನನ್ನ ಮಗ ಸೋಫಾದ ಮೇಲೆ ಕಾಲು ಚಾಚಿ ಬಿದ್ದುಕೊಂಡು ಮೊಬೈಲಿನಲ್ಲಿ ಯಾರದೋ ಭಾಷಣ ಕೇಳುತ್ತಿದ್ದ. ಆ ಮಹಾಶಯ ಕೈಯಲ್ಲಿ ಹಿಡಿದು ಆಡುವ ಎರಡು ಆಟದ ಯಂತ್ರಗಳನ್ನು ಮುಂದಿಟ್ಟುಕೊಂಡು ತೂಗಿ ನೋಡುತ್ತಿದ್ದ. ಇದರ ಪರದೆ ದೊಡ್ಡದಂತೆ, ಅದರ ಬ್ಯಾಟರಿ ಗಟ್ಟಿಯಂತೆ, ಇದು ಹಗುರವಂತೆ, ಅದು ಚುರುಕಂತೆ. ಒಳಗೆ ಹುಣಸೆಹಣ್ಣು ಕಿವುಚುತ್ತಿದ್ದ ನಾನು ಅರ್ಧ ಕಿವಿ ಅತ್ತ ಕೊಟ್ಟಿದ್ದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಆತ, "ಅಂದಹಾಗೆ ಇದರಲ್ಲಿ ಹಳೆಯ ಯಂತ್ರದ ಆಟಗಳು ನಡೆಯುವುದಿಲ್ಲ, ಆದರೆ ಹೋಲಿಕೆ ಮಾಡುವಾಗ ಅದನ್ನೆಲ್ಲ ಹಿಡಿಯಬೇಕಾಗಿಲ್ಲ" ಅಂದುಬಿಟ್ಟ.

ನನಗೆ ಎಲ್ಲಿತ್ತೋ ಸಿಟ್ಟು! ಕೈಯಿಂದ ಹುಣಸೆ ರಸ ಸೋರುತ್ತಿದ್ದ ಹಾಗೆಯೇ ಹೊರಗೆ ಬಂದೆ.

"ಯಾವನಲೇ ಅವ? ಆರಿಸು ಅದನ್ನ."

"ಅವ್ವಾ, ಇದು ಗೇಮಿನ ವಿಷಯ. ನಿನಗ ತಿಳಿಯಂಗಿಲ್ಲ."

"ನನಗ ತಿಳಿಯಂಗಿಲ್ಲ? ನಿಮ್ಮಪ್ಪ ಓಣ್ಯಾಗ ಗೋಲಿ ಆಡೋ ಹೊತ್ತಿನ್ಯಾಗ ನಾ ಅಂಥಾವು ಎರಡು ಡಬ್ಬಿ ಕೈಯಾಗ ಹಿಡದೀನಿ. ಹಳೇವು ಅದರಾಗ ಹತ್ತತಾವೋ ಇಲ್ಲೋ ಅಂತ ಮೊದಲ ಕೇಳಬೇಕು. ಉಳಿದದ್ದೆಲ್ಲ ಆಮ್ಯಾಲ."

ಮಗ ಮೊಬೈಲು ಎತ್ತಿಕೊಂಡು ಮಾಳಿಗೆ ಹತ್ತಿದ. ಹೋಗುವಾಗ ಅವನ ಮುಖದ ಮೇಲೆ ನನ್ನ ಬಗ್ಗೆ ಒಂದು ಕರುಣೆ ಇತ್ತಲ್ಲ, ಅದು ಸಿಟ್ಟನ್ನು ಇಮ್ಮಡಿ ಮಾಡಿತು. ಅವನಿಗೆ ಹೇಳಲು ಆಗದ್ದನ್ನು ಈಗ ನಿಮಗೆ ಹೇಳುತ್ತಿದ್ದೇನೆ. ನೀವಾದರೂ ಎದ್ದು ಹೋಗಬೇಡಿ.

ಹಳೆಯದನ್ನು ಒಳಗೆ ಬಿಟ್ಟುಕೊಳ್ಳದ ಹೊಸ ಸಾಮಾನು ಕಂಡರೆ ನನಗೆ ಮೈ ಉರಿಯುತ್ತದೆ. ನಾವು ಸಣ್ಣವರಿದ್ದಾಗ ಕಂದೀಲಿನ ಗಾಜು ಒಡೆದರೆ ಯಾವ ಅಂಗಡಿಯ ಗಾಜು ತಂದರೂ ಕೂಡುತ್ತಿತ್ತು. ಸಿಂಧನೂರಿನ ಬತ್ತಿ ಮಸ್ಕಿಯ ಸ್ಟೋವಿಗೆ ಹತ್ತುತ್ತಿತ್ತು. ಅಜ್ಜಿಯ ಕಾಲದ ಒಳಕಲ್ಲಿಗೆ ಗುಂಡು ಹೊಸದು ಬಂದರೆ ಕಲ್ಲೇನೂ ಬೇಡ ಅನ್ನುತ್ತಿರಲಿಲ್ಲ. ಈಗ ನೋಡಿ, ಹೋದ ವರ್ಷದ ಕುಕ್ಕರಿನ ರಬ್ಬರು ಈ ವರ್ಷದ ಮುಚ್ಚಳಕ್ಕೆ ಬರುವುದಿಲ್ಲ. ಚಾರ್ಜರಿನ ತುದಿ ಅಕ್ಕನದು ಒಂದು, ತಂಗಿಯದು ಇನ್ನೊಂದು. ಕೇಳಿದರೆ ಅಂಗಡಿಯವನು, "ಹೊಸಾ ಮಾಡೆಲ್ ರೀ ಅಕ್ಕಾರ" ಅಂತ ಹಲ್ಲು ಕಿಸಿಯುತ್ತಾನೆ. ನಗುವಂಥದ್ದು ಅದರಲ್ಲಿ ಏನಿದೆಯೋ ನನಗಂತೂ ಗೊತ್ತಾಗಿಲ್ಲ.

ಇರಲಿ, ಡಬ್ಬಿಯ ವಿಷಯಕ್ಕೆ ಬರುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಸಿಂಧನೂರಿನ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ ಹತ್ತಿರ ನಮ್ಮಪ್ಪನದು ಬೀಜ ಗೊಬ್ಬರದ ಅಂಗಡಿ. ಮಗ್ಗುಲಲ್ಲೇ ಖಾದರ್ ಸಾಹೇಬರ ಬಟ್ಟೆ ಅಂಗಡಿ. ಸಾಹೇಬರ ತಮ್ಮ ದುಬೈಯಿಂದ ಬಂದಾಗ ತಂದ ಸಾಮಾನಿನಲ್ಲಿ ಒಂದು ಬೂದು ಬಣ್ಣದ ಡಬ್ಬಿ ಇತ್ತು. ಸಾಹೇಬರು ಅದನ್ನು ಅಪ್ಪನ ಕೈಯಲ್ಲಿಟ್ಟು, "ನಮ್ಮ ಮನ್ಯಾಗ ಇದನ್ನ ಆಡೋರು ಯಾರದಾರ ರೀ? ನಿಮ್ಮ ಬೇಟಿಗೆ ಕೊಡ್ರಿ" ಅಂದರಂತೆ. ಆ ಬೇಟಿ ನಾನು, ಗಿರಿಜಾ. ಆಗ ಆರನೇ ಇಯತ್ತೆಯಲ್ಲಿದ್ದೆ.

ಡಬ್ಬಿಯ ಮೇಲ್ಭಾಗದಲ್ಲಿ ಹಸಿರು ಛಾಯೆಯ ಪುಟ್ಟ ಪರದೆ, ಕೆಳಗೆ ಗುಂಡಿಗಳು. ಬೆನ್ನಿನಲ್ಲಿ ಒಂದು ಸೀಳು. ಬಿಸ್ಕತ್ತಿನಷ್ಟಗಲದ ಚೌಕ ತುಣುಕೊಂದನ್ನು ಆ ಸೀಳಿನಲ್ಲಿ ಸಿಕ್ಕಿಸಿದರೆ ಆಟ ಬರುತ್ತಿತ್ತು. ಆ ತುಣುಕಿಗೆ ನಾವು ಕ್ಯಾಸೆಟ್ ಅನ್ನುತ್ತಿದ್ದೆವು. ಕ್ಯಾಸೆಟ್ ಇಲ್ಲದಿದ್ದರೆ ಡಬ್ಬಿಯಲ್ಲಿ ಏನೂ ಇಲ್ಲ, ಬರೀ ಖಾಲಿ ಪರದೆ. ಈ ಮಾತನ್ನು ಮಾತ್ರ ನೀವು ನೆನಪಿನಲ್ಲಿಡಬೇಕು, ಯಾಕೆಂದರೆ ನಮ್ಮಪ್ಪ ಇಡಲಿಲ್ಲ.

ನಾನು ಅದನ್ನು ಹಿಡಿದದ್ದೇ ಹಿಡಿದದ್ದು. ರೊಟ್ಟಿ ತಿನ್ನುವಾಗ ಒಂದು ಕೈ ರೊಟ್ಟಿಯ ಮೇಲೆ, ಇನ್ನೊಂದು ಗುಂಡಿಯ ಮೇಲೆ. ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಅವ್ವ ಡಬ್ಬಿ ಕಸಿದುಕೊಂಡು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ನಾನು ಅತ್ತು ಕರೆದು, ಕೊನೆಗೆ ಭಿನ್ನರಾಶಿಗೆ ಶರಣಾದೆ. ಪರೀಕ್ಷೆ ಮುಗಿಸಿ ಮನೆಗೆ ಓಡಿ ಬಂದವಳು ಕೇಳಿದರೆ ಅವ್ವ, "ತಡಿ, ಈಗ ಬ್ಯಾಡ, ಆಮ್ಯಾಲ ಕೊಡ್ತೀನಿ" ಅಂದಳು. ಯಾಕೆ ಅನ್ನುವಷ್ಟರಲ್ಲಿ ಅವಳ ಸೆರಗಿನ ಕೆಳಗಿಂದ ಟಿಣ್ ಅಂತ ಶಬ್ದ ಬಂತು. ನನ್ನ ಅವ್ವ, ಗಂಜಿನ ವಿರೂಪಾಕ್ಷಪ್ಪನವರ ಹೆಂಡತಿ ಗೌರಮ್ಮ, ನನ್ನ ಡಬ್ಬಿಯಲ್ಲಿ ನನಗಿಂತ ಚೆನ್ನಾಗಿ ಆಡುವುದನ್ನು ಕಲಿತುಬಿಟ್ಟಿದ್ದಳು.

ನಮ್ಮಲ್ಲಿದ್ದ ಒಂದೇ ಕ್ಯಾಸೆಟ್ಟಿನ ಆಟಗಳಲ್ಲಿ ಅವಳಿಗೆ ಹಿಡಿಸಿದ್ದು ಒಂದೇ. ಮೇಲಿನಿಂದ ಥರಾವರಿ ಇಟ್ಟಿಗೆಗಳು ಬೀಳುತ್ತವೆ, ಉದ್ದನೆಯದು, ಸೊಟ್ಟನೆಯದು, ಚೌಕದ್ದು. ತಿರುಗಿಸಿ ಸಂದು ಬಿಡದಂತೆ ಕೂರಿಸಬೇಕು. ಒಂದು ಸಾಲು ಪೂರಾ ತುಂಬಿದರೆ ಅದು ಮಾಯವಾಗುತ್ತದೆ. ಅವ್ವ ಅದಕ್ಕೆ ಗ್ವಾಡಿ ಆಟ, ಅಂದರೆ ಗೋಡೆಯ ಆಟ ಅಂತ ಹೆಸರಿಟ್ಟಿದ್ದಳು. ಅದರಲ್ಲಿ ನಿನಗೆ ಏನು ಅಷ್ಟು ರುಚಿ ಅಂತ ಒಮ್ಮೆ ಕೇಳಿದೆ.

"ಸಾಲು ತುಂಬಿದ ಕೂಡ್ಲೆ ಹೋಗಿಬಿಡ್ತೈತಿ ನೋಡು," ಅಂದಳು. "ಮುಂಜಾನಿಂದ ನಾ ಭಾಂಡೆ ತಿಕ್ಕಾಕತ್ತೀನಿ, ಒಂದರ ಮಾಯ ಆಗೈತೇನು? ಮತ್ತ ಅವ ಭಾಂಡೆ, ಮತ್ತ ಅವ ಅರಿವಿ. ಇಲ್ಲಿ ಮುಗಿದ್ರ ಮುಗೀತು."

ಮಧ್ಯಾಹ್ನದ ಊಟವಾಗಿ, ಅಪ್ಪ ಅಂಗಡಿಗೆ ಹೋಗಿ, ಅಜ್ಜಿ ಅಡ್ಡಾದ ಮೇಲೆ ಒಂದು ತಾಸು ಅವಳದು. ಆ ಪರದೆಯಲ್ಲಿ ದೀಪವಿರಲಿಲ್ಲ, ಬಿಸಿಲಿದ್ದರೇ ಕಾಣುವುದು. ಹಾಗಾಗಿ ದೇವರ ಕೋಣೆಯ ಕಿಟಕಿಯ ಬಳಿ ಚಾಪೆ ಹಾಕಿಕೊಂಡು, ಶಬ್ದ ಸಣ್ಣ ಮಾಡಿ, ಅಂಗೈ ನೋಡುತ್ತ ಕೂಡುತ್ತಿದ್ದಳು. ಎದುರು ಮನೆಯ ಬಸಮ್ಮ ಒಮ್ಮೆ ಉಪ್ಪಿನಕಾಯಿ ಕೇಳಲು ಬಂದವಳು ಕಿಟಕಿಯಲ್ಲಿ ಇಣುಕಿ, ಕೈ ಮುಗಿದು ಹಿಂದಕ್ಕೆ ಹೋದಳು. ಸಂಜೆ ಓಣಿಯಲ್ಲೆಲ್ಲ, "ಗೌರಮ್ಮ ನಡು ಮಧ್ಯಾಹ್ನ ಲಿಂಗಪೂಜಿಗೆ ಕುಂದ್ರತಾಳ, ಅಂಗೈ ಮ್ಯಾಲಿನ ಕಣ್ಣು ಕೀಳಂಗಿಲ್ಲವಾ ತಾಯಿ" ಅಂತ ಹೇಳಿಕೊಂಡು ಬಂದಳು. ಅದನ್ನು ಕೇಳಿ ಅವ್ವ ಗಲ್ಲ ಗಲ್ಲ ಬಡಿದುಕೊಂಡಳು. ಮರುದಿನದಿಂದ ಮೊದಲು ನಿಜವಾದ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಆಮೇಲೆ ಡಬ್ಬಿ ಹಿಡಿಯತೊಡಗಿದಳು.

ನಾನು ಶಾಲೆ ಬಿಟ್ಟು ಬರುವ ಹೊತ್ತಿಗೆ ಅವಳ ಮುಖ ತಿಳಿಯಾಗಿರುತ್ತಿತ್ತು. ಒಳ್ಳೆಯ ಆಟವಾದ ದಿನ ಸಂಜೆ ಬಜ್ಜಿ ಮಾಡುತ್ತಿದ್ದಳು. ಡಬ್ಬಿ ನನ್ನದು ಅಂತ ಜಗಳ ಮಾಡುವುದನ್ನು ನಾನೇ ಬಿಟ್ಟೆ. ಮಿರ್ಚಿ ಬಜ್ಜಿಗೆ ಯಾರು ಬೇಡ ಅನ್ನುತ್ತಾರೆ?

ಒಂದೆರಡು ವರ್ಷ ಹೀಗೆ ನಡೆಯಿತು. ಆಮೇಲೆ ಅಪ್ಪ ಹೈದರಾಬಾದಿಗೆ ಬೀಜದ ಕಂಪನಿಯವರ ಮೀಟಿಂಗಿಗೆ ಹೋದವನು ಹೊಸ ಡಬ್ಬಿ ತಂದ. ಕಪ್ಪನೆಯದು, ಅಗಲವಾದದ್ದು, ಒಳಗಿಂದಲೇ ಬೆಳಕು ಬರುವ ಬಣ್ಣದ ಪರದೆ! ಅದರ ಜತೆಗೆ ಅದರದೇ ಎರಡು ಕ್ಯಾಸೆಟ್. ಮನೆಗೆ ತರುವ ಮೊದಲು ಅಪ್ಪ ಅದನ್ನು ಅಂಗಡಿಯ ಗಲ್ಲೆಯ ಮೇಲಿಟ್ಟು, ನನ್ನ ಕೈಯಿಂದ ಹಳೆಯದನ್ನೂ ತರಿಸಿ ಪಕ್ಕಕ್ಕಿಟ್ಟ. ಹೊಸದರ ಹಿರಿಮೆ ಎಲ್ಲರಿಗೂ ತಿಳಿಯಬೇಕಲ್ಲ. ಕೂಡಿದ ಮಂದಿ ಎರಡನ್ನೂ ಎತ್ತಿ, ಇಳಿಸಿ, ಜೋಡಿ ಎತ್ತು ನೋಡಿದಂತೆ ನೋಡಿದರು.

"ಮೇವು ಎಷ್ಟು ತಿಂತೈತಿ ಇದು?" ಅಂತ ಖಾದರ್ ಸಾಹೇಬರು ಕೇಳಿದರು. ಬ್ಯಾಟರಿ ಸೆಲ್ಲಿನ ಮಾತು ಅದು.

"ಸ್ವಲ್ಪ ಜಾಸ್ತಿನ ತಿಂತೈತಿ ರೀ. ಆದ್ರ ತಾಕತ್ತು ನೋಡ್ರಿ," ಅಂದ ಅಪ್ಪ.

ಗೊಬ್ಬರಕ್ಕೆ ಬಂದಿದ್ದ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ರೈತ ಸುಬ್ಬಾರಾಯುಡು ಪರದೆಗೆ ಕಣ್ಣು ಹಚ್ಚಿ, "ಕಲರ್ ಐತಿ ಕದಾ, ಇಂಕಾ ಏನು ಬೇಕಂಡಿ?" ಅಂದ.

ತೂಕ ನೋಡಿದರು, ಬಣ್ಣ ನೋಡಿದರು, ಶಬ್ದ ಕೇಳಿದರು, ಯಾವ ದೇಶದ್ದು ಅಂತ ಬೆನ್ನು ಮಗುಚಿ ಓದಿದರು. ಇಡೀ ಗಂಜಿನಲ್ಲಿ ಒಬ್ಬನೂ, ಒಬ್ಬನೇ ಒಬ್ಬ ಗಂಡಸೂ, ಹಳೆಯ ಕ್ಯಾಸೆಟ್ ಇದರಲ್ಲಿ ಹತ್ತುತ್ತದೆಯೇ ಅಂತ ಕೇಳಲಿಲ್ಲ. ಕೇಳಬೇಕಾದವಳು ಮನೆಯಲ್ಲಿ ಕಿಟಕಿಯ ಬಳಿ ಡಬ್ಬಿ ಇಲ್ಲದೆ ಕೂತಿದ್ದಳು. ಅವಳನ್ನು ಅಂಗಡಿಗೆ ಯಾರು ಕರೆಯುತ್ತಾರೆ?

ಅದು ನಾಗರ ಪಂಚಮಿಯ ಸಮಯ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅಪ್ಪನ ತಂಗಿ ಶಾಂತತ್ತಿ ಲಿಂಗಸುಗೂರಿನಿಂದ ಐದು ವರ್ಷದ ಮಗ ಬಸುವನ್ನು ಕರೆದುಕೊಂಡು ಬಂದಿದ್ದಳು. ಉಂಡಿ ತಿಂದದ್ದಾಯಿತು, ಜೋಕಾಲಿ ಆಡಿದ್ದಾಯಿತು. ಹೊರಡುವ ದಿನ ಅವ್ವ ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಿದ್ದಳು. ಉಡಿ ಅಂದರೆ ಸೆರಗಿನ ಮಡಿಲು. ಅದರಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಒಂದು ಕುಪ್ಪಸದ ಖಣ. ಅಷ್ಟರಲ್ಲಿ ಅಪ್ಪ ಧಾವಂತದಿಂದ ಒಳಗೆ ಬಂದ. ಕೈಯಲ್ಲಿ ಹಳೆಯ ಡಬ್ಬಿ. ಬೆನ್ನಿನಿಂದ ಕ್ಯಾಸೆಟ್ ಕಿತ್ತು ನನ್ನ ಕಡೆ ಚಾಚಿ, "ಇದು ಹೊಸಾದಕ್ಕ ಬೇಕಾಗ್ತೈತಿ, ಇಟ್ಟುಕೋ" ಅಂದ. ಬರಿದಾದ ಡಬ್ಬಿಯನ್ನು ತಂಗಿಯ ಉಡಿಯಲ್ಲಿ, ಬೆಲ್ಲದ ಮಗ್ಗುಲಿಗೆ ಹಾಕಿದ. "ಬಸುಗ ಆತು. ಹೊಸಾದು ಬಂದೈತಲ್ಲ ನಮಗ."

ಅವ್ವನ ಬೊಗಸೆಯಲ್ಲಿ ಅಕ್ಕಿ ಇತ್ತು. ಕೈ ಅಲ್ಲೇ ನಿಂತಿತು. ನಾನು ನೋಡಿದೆ. ಶಾಂತತ್ತಿ ಅಣ್ಣನ ಔದಾರ್ಯಕ್ಕೆ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಅವ್ವ ಅಕ್ಕಿಯನ್ನು ಉಡಿಗೆ ಹಾಕಿದಳು.

"ಅಪ್ಪಾ, ಕ್ಯಾಸೆಟ್ ಇಲ್ಲದ ಅದು ನಡಿಯಂಗಿಲ್ಲ," ಅಂದೆ ನಾನು, ಅತ್ತಿಯ ಬಸ್ಸು ಹೋದ ಮೇಲೆ.

"ಲಿಂಗಸುಗೂರಾಗ ಸಿಗ್ತಾವ, ತಗೋತಾರ ಬಿಡು," ಅಂದ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿಯ ಜತೆಗೆ ಅದನ್ನೂ ಮಾರುತ್ತಾರೆ ಅಂದುಕೊಂಡಿದ್ದನೋ ಏನೋ ಪುಣ್ಯಾತ್ಮ.

ಆ ಮಧ್ಯಾಹ್ನವೇ ಅವ್ವ ಹೊಸ ಡಬ್ಬಿ ಹಿಡಿದು, ತನ್ನ ಕ್ಯಾಸೆಟ್ ಅದರ ಬಾಯಿಗಿಟ್ಟಳು. ಹೋಗಲಿಲ್ಲ. ತಿರುಗಿಸಿ ಇಟ್ಟಳು. ಹೋಗಲಿಲ್ಲ. ಅದರ ಸೀಳೇ ಬೇರೆ. ಇದನ್ನು ಮಾಡಿದವರು ಬೇರೆ, ಅದನ್ನು ಮಾಡಿದವರು ಬೇರೆ, ಒಬ್ಬರ ಮುಖ ಒಬ್ಬರಿಗಾಗುವುದಿಲ್ಲ. ಸಮುದ್ರದಾಚೆ ಕೂತು ಅವರವರು ಹಟ ಹಿಡಿದರು, ಅದರ ಬೆಲೆಯನ್ನು ಸಿಂಧನೂರಿನ ಗೌರಮ್ಮ ಕೊಡಬೇಕಾಯಿತು. ಆ ಕಂಪನಿಯವನು ಯಾರೇ ಆಗಿರಲಿ, ಸಿಕ್ಕರೆ ನಮ್ಮ ಮನೆಯ ಮಣೆಯ ಮೇಲೆ ಕೂರಿಸಿ ನಾಲ್ಕು ಮಾತು ಕೇಳಬೇಕು ಅಂತ ನನಗೆ ಈಗಲೂ ಇದೆ.

"ಹತ್ತವಲ್ದು," ಅಂದಳು ಅವ್ವ. ಅಷ್ಟೇ ಅಂದಳು.

ಸಂಜೆ ಅಪ್ಪನಿಗೆ ಹೇಳಿದೆ. "ಇದರಾಗೂ ಆಟ ಅದಾವಲ್ಲ? ಇವನ್ನ ಕಲೀಲಿ," ಅಂದ. ಹೊಸದರಲ್ಲಿ ಒಂದು ಕಾರು ಓಡಿಸುವುದು, ಇನ್ನೊಂದು ಹೊಡೆದಾಡುವುದು. ಅವ್ವ ಪ್ರಯತ್ನ ಮಾಡಲಿಲ್ಲ ಅನ್ನಬೇಡಿ. ಆದರೆ ಬಿಸಿಲಲ್ಲಿ ಅದರ ಪರದೆ ಕಾಣುತ್ತಿರಲಿಲ್ಲ, ಕತ್ತಲೆಯಲ್ಲೇ ಕೂಡಬೇಕು. ಹಗಲು ಹೊತ್ತು ಬಾಗಿಲು ಹಾಕಿಕೊಂಡು ಕತ್ತಲೆ ಕೋಣೆಯಲ್ಲಿ ಕೂತರೆ ಓಣಿಯವರು ಈ ಸಲ ಲಿಂಗಪೂಜೆ ಅನ್ನುತ್ತಿರಲಿಲ್ಲ. "ಇದು ಬರೇ ಓಡು, ಹೊಡಿ ಅಂತೈತಿ. ನಾ ಒಲ್ಲೆವ್ವ," ಅಂತ ನನ್ನ ಕೈಗೆ ಕೊಟ್ಟಳು. ಹೀಗೆ ಹೊಸ ಡಬ್ಬಿ ಪೂರಾ ನನ್ನದಾಯಿತು. ನನಗೇನು, ನಾನು ಕುಣಿದಾಡಿದೆ. ಕಾರಿನ ಆಟದಲ್ಲಿ ನನ್ನನ್ನು ಹಿಡಿಯುವವರು ನಮ್ಮ ಶಾಲೆಯಲ್ಲಿ ಇರಲಿಲ್ಲ, ಯಾಕೆಂದರೆ ಅದನ್ನು ಆಡಿದವರೇ ಇರಲಿಲ್ಲ.

ಅವ್ವ ಕ್ಯಾಸೆಟ್ಟನ್ನು ತನ್ನ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡಳು. ಮಧ್ಯಾಹ್ನದ ಆ ತಾಸಿಗೆ ಬೇರೆ ಕೆಲಸಗಳು ಬಂದು ಕೂತವು. ಹಪ್ಪಳ, ಸಂಡಿಗೆ, ಅಜ್ಜಿಯ ಕಾಲು ತಿಕ್ಕುವುದು, ಬಂದವರಿಗೆ ಚಹಾ. ಒಂದು ತಾಸು ಖಾಲಿ ಇದೆ ಅಂತ ಗೊತ್ತಾದರೆ ಮನೆಮಂದಿ ಹೇಗೆ ಮುತ್ತುತ್ತಾರೆ ನೋಡಬೇಕು ನೀವು! ಅವ್ವ ಮಾತು ಕಡಿಮೆ ಮಾಡಿದಳು, ಪಾತ್ರೆಗಳು ಹೆಚ್ಚು ಮಾತಾಡತೊಡಗಿದವು. ಬಜ್ಜಿ ನಿಂತೇ ಹೋಯಿತು.

"ಏನಾಗೈತಿ ಈಕಿಗೆ?" ಅಂತ ಅಪ್ಪ ನನ್ನನ್ನು ಕೇಳಿದ. ನಾನು ಹೇಳಿದೆ. ಅವನು ಗಾಬರಿಯಾಗಿ ಸುತ್ತ ನೋಡಿ, "ಹಂಗಂತ ತಿರುಗಿ ಕೇಳಾಕ ಬರ್ತೈತೇನು? ಉಡ್ಯಾಗ ಹಾಕಿದ್ದವ್ವ ಅದು! ತಂಗಿ ಉಡಿಗೆ ಕೈ ಹಾಕಿದ ಅಂದಾರು ಮಂದಿ" ಅಂದ. ಅದೂ ನಿಜವೇ. ಉಡಿಗೆ ಬಿದ್ದದ್ದನ್ನು ಕೊಟ್ಟವರು ಕೇಳಬಾರದು, ಪಡೆದವರು ಮರಳಿಸಬಾರದು. ಅವ್ವನಿಗೆ ಇದು ಅಪ್ಪನಿಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಬಾಯಿ ಬಿಟ್ಟಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಸ್ಕಿಯ ನಮ್ಮ ಸೋದರಮಾವನ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯ ಬಂತು. ಅವ್ವನ ತವರು ಅದು. ಎರಡು ದಿನ ಮೊದಲೇ ಅವ್ವ ನನ್ನನ್ನು ಕರೆದುಕೊಂಡು ಮುಂಜಾನೆಯ ಲಿಂಗಸುಗೂರು ಬಸ್ಸು ಹತ್ತಿದಳು. ಮಸ್ಕಿ ದಾರಿಯಲ್ಲೇ ಬರುತ್ತದೆ. ಮಸ್ಕಿಯಲ್ಲಿ ಬಸ್ಸು ನಿಂತಿತು. ನಾನು ಎದ್ದು ಚೀಲ ತೆಗೆದುಕೊಂಡೆ. ಅವ್ವ ಏಳಲಿಲ್ಲ.

"ಮಸ್ಕಿ ಬಂತು ನೋಡ್ರಿ ಅಕ್ಕಾರ, ಇಳೀರಿ," ಅಂದ ಕಂಡಕ್ಟರ್.

"ಇಲ್ಲಪ. ಲಿಂಗಸುಗೂರಿಗೆ ಎರಡು ಟಿಕೆಟ್ ಕೊಡು."

"ಅವ್ವಾ, ಮಾಮನ ಮನಿ..." ಅಂದೆ.

"ಮಾಮನ ಮನಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಸುಮ್ನ ಕುಂದ್ರು," ಅಂದಳು. ಮದುವೆಯಾದ ಮೇಲೆ ಅವ್ವ ಯಾರಿಗೂ ಹೇಳದೆ ಒಂದು ಊರಿಗೆ ಹೋದದ್ದು ಅದೇ ಮೊದಲು ಇರಬೇಕು. ದಾರಿಯುದ್ದಕ್ಕೂ ಮಡಿಲಲ್ಲಿದ್ದ ಸಂಚಿಯನ್ನು ಬಿಗಿಯಾಗಿ ಹಿಡಿದಿದ್ದಳು.

ಶಾಂತತ್ತಿ ನಮ್ಮನ್ನು ನೋಡಿ ಗಾಬರಿ, ಖುಷಿ ಎರಡೂ ಆದಳು. "ಏನ್ರೀ ವೈನಿ, ಹೇಳದ ಕೇಳದ ಬಂದೀರಿ! ಎಲ್ಲಾರೂ ಆರಾಮ ಅದಾರಿಲ್ಲ?" ವೈನಿ ಅಂದರೆ ಅತ್ತಿಗೆ. ಕಾಲಿಗೆ ನೀರು ಬಂತು, ಮಂಡಕ್ಕಿಯ ಸುಸಲಾ ಬಂತು, ಚಹಾ ಬಂತು. ಕಟ್ಟೆಯ ಮೇಲೆ ಶಾಂತತ್ತಿಯ ಅತ್ತೆ, ನಾಲಿಗೆ ಹರಿತ ಇರುವ ಮುದುಕಿ, ಕೂತಿದ್ದಳು. ಅವ್ವ ಅದೂ ಇದೂ ಮಾತಾಡಿ, ಮೆಲ್ಲಗೆ, "ಬಸು ಆ ಆಟದ ಡಬ್ಬಿ ಆಡ್ತಾನೇನು?" ಅಂದಳು.

ಶಾಂತತ್ತಿಯ ಮುಖ ಇಳಿದುಹೋಯಿತು. ಉತ್ತರ ಬಂದದ್ದು ಕಟ್ಟೆಯಿಂದ.

"ಆಡಾಕೇನೈತವ್ವಾ ಅದರಾಗ? ತವರಮನಿಯವ್ರು ಕೆಟ್ಟ ಸಾಮಾನು ನೋಡಿ ಉಡ್ಯಾಗ ಹಾಕಿ ಕಳಿಸ್ಯಾರ. ಒಂದು ಗೀಟು ಕಾಣಸವಲ್ದು ಅದರಾಗ. ನಮ್ಮ ಹುಡುಗ ಅತ್ತು ಅತ್ತು ಬಿಟ್ಟ. ಕೊಡೋ ಮನಸಿಲ್ಲಂದ್ರ ಕೊಡಬಾರದಾಗಿತ್ತು. ಕೆಟ್ಟದ್ದು ಕೊಟ್ಟು ಹೆಸರು ಯಾಕ ಮಾಡ್ಕೋಬೇಕು?"

ಶಾಂತತ್ತಿ ಒಳಗೆ ಹೋಗಿ ಡಬ್ಬಿ ತಂದಳು. ಅದೇ ಖಣದಲ್ಲಿ ಸುತ್ತಿ ದೇವರ ಮಾಡದ ಮಗ್ಗುಲಲ್ಲಿ ಇಟ್ಟಿದ್ದಳು. ಅವ್ವ ಸಂಚಿ ಬಿಚ್ಚಿ, ಅಡಿಕೆಚೂರಿನ ನಡುವಿನಿಂದ ಕ್ಯಾಸೆಟ್ ತೆಗೆದು, ಸೆರಗಿನಿಂದ ಒರೆಸಿ ಸೀಳಿಗೆ ಒತ್ತಿದಳು. ಮನೆಯಿಂದ ಸೆಲ್ಲುಗಳನ್ನೂ ತಂದಿದ್ದಳು. ಗುಂಡಿ ಜಾರಿಸಿದ ಕೂಡಲೇ ಟಿಣ್ ಅಂದಿತು.

ಶಾಂತತ್ತಿ ಬಗ್ಗಿ ಡಬ್ಬಿಯ ಬೆನ್ನು ಮುಟ್ಟಿ ನೋಡಿದಳು. "ಇದರಾಗ ಹಾಕೋದೊಂದು ಇತ್ತೇನ್ರಿ?"

"ಇತ್ತಲ್ಲ ಶಾಂತಾ. ನಡೀವಲ್ದು ಅಂತ ಒಂದು ಮಾತು ಯಾಕ ಹೇಳಿ ಕಳಿಸಲಿಲ್ಲ?"

"ಹೆಂಗ ಹೇಳ್ಲಿ? ನೀವು ಕೊಟ್ಟ ಉಡುಗೊರಿ ಕೆಟ್ಟೈತಿ ಅಂತ ನಮ್ಮಣ್ಣಗ ನಾನ ಹೇಳ್ಲೇನು? ದಿನಾ ಇವರ ಬಾಯಾಗ ಬಿದ್ದೀನಿ, ಆದ್ರೂ ಹೇಳಲಿಲ್ಲ. ನೀವ್ಯಾಕ ಕೇಳಲಿಲ್ರಿ?"

"ನಾ ಹೆಂಗ ಕೇಳ್ಲವ್ವಾ, ಉಡ್ಯಾಗ ಹಾಕಿದ್ದನ್ನ?"

ಯೋಚಿಸಿ ನೋಡಿ ನೀವು. ಸಿಂಧನೂರಿನಲ್ಲಿ ಡಬ್ಬಿಯಿಲ್ಲದ ಆಟ, ಲಿಂಗಸುಗೂರಿನಲ್ಲಿ ಆಟವಿಲ್ಲದ ಡಬ್ಬಿ. ಅಲ್ಲಿ ಒಬ್ಬಳು ಕೇಳುವಂತಿಲ್ಲ ಅಂತ ಬಾಯಿ ಹೊಲಿದುಕೊಂಡಳು, ಇಲ್ಲಿ ಒಬ್ಬಳು ಹೇಳುವಂತಿಲ್ಲ ಅಂತ ಬೈಗುಳ ನುಂಗಿದಳು. ಎರಡನ್ನೂ ಬೇರೆ ಮಾಡಿದವನು ಗಂಜಿನಲ್ಲಿ ಕೂತು, ಹೊಸಾದು ಹೊಸಾದ, ಹಳೇದು ಹಳೇದ ಅಂತ ಮಂದಿಗೆ ಬುದ್ಧಿ ಹೇಳುತ್ತಿದ್ದ. ನನಗೆ ಅವತ್ತು ಅಪ್ಪನ ಮೇಲೆ ಬಂದ ಸಿಟ್ಟು ಎಂಥದ್ದು ಅಂದರೆ, ಬಡಿಸಿದ ಸುಸಲಾ ಕೂಡ ಒಳಗೆ ಹೋಗಲಿಲ್ಲ. ಅವ್ವ ಮಾತ್ರ ಅಂಗಳದ ಬಿಸಿಲಿಗೆ ಚಾಪೆ ಎಳೆದುಕೊಂಡು ಆಟ ಶುರು ಮಾಡಿಬಿಟ್ಟಿದ್ದಳು.

ಅತ್ತ ಮಸ್ಕಿಯ ಮಾಮ ದಾರಿ ನೋಡಿ ನೋಡಿ ಸಾಕಾಗಿ ಅಪ್ಪನ ಅಂಗಡಿಗೆ ಫೋನು ಮಾಡಿದ್ದ. ಅಪ್ಪ ಮಸ್ಕಿಯಲ್ಲಿ ಇಳಿದು, ಬಸ್‌ಸ್ಟ್ಯಾಂಡಿನಲ್ಲಿ ಆ ಕಂಡಕ್ಟರನನ್ನೇ ಹಿಡಿದು ಕೇಳಿ, ಸಂಜೆ ನಾಲ್ಕರ ಸುಮಾರಿಗೆ ಲಿಂಗಸುಗೂರಿಗೆ ಬಂದ. ಬಾಗಿಲಲ್ಲೇ ಅವನ ದನಿ ಏರಿತು.

"ಹುಚ್ಚು ಹಿಡದೈತೇನು ನಿನಗ? ಅಲ್ಲಿ ನಿಮ್ಮಣ್ಣ ಅಳೋದೊಂದ ಬಾಕಿ! ಹರೇದ ಹುಡುಗಿನ್ನ ಕಟ್ಟಿಕೊಂಡು ಎಲ್ಲಿಗಿ ಅಂತ ಹೊಂಟಿ?"

"ತಡೀರಿ, ಇದೊಂದು ಮುಗೀಲಿ," ಅಂದಳು ಅವ್ವ, ತಲೆ ಎತ್ತದೆ.

"ಎಡಕ್ಕ ಹಾಕವ್ವಾ, ಎಡಕ್ಕ! ಆ ಉದ್ದಂದು ಅಲ್ಲಿ ಕುಂದ್ರತೈತಿ ನೋಡು," ಅಂತ ಅವಳ ಭುಜದ ಮೇಲಿಂದ ಕೂಗಿದ್ದು ಯಾರು ಗೊತ್ತೇ? ಶಾಂತತ್ತಿಯ ಅತ್ತೆ. ಬೆಳಿಗ್ಗೆ ಬೈದ ಬಾಯಿ ಅದೇ.

ಅಪ್ಪನಿಗೆ ಶಾಂತತ್ತಿ ಎಲ್ಲ ಬಿಡಿಸಿ ಹೇಳಿದಳು. ಅವನು ಪೂರ್ತಿ ಕೇಳಿ, ಹಗುರಾಗಿ ನಕ್ಕ. "ಅಷ್ಟ ಅಲ್ಲ? ಇದಕ್ಯಾಕ ಇಷ್ಟು ರಾಮಾಯಣ? ಆ ಕ್ಯಾಸೆಟ್ಟೂ ಇಲ್ಲೇ ಬಿಟ್ಟು ಬಾ. ಬಸು ಆಡ್ಲಿ. ಮುಗೀತಲ್ಲ."

ಅವ್ವ ಈಗ ತಲೆ ಎತ್ತಿದಳು. ಇಟ್ಟಿಗೆಗಳು ತಾವಾಗಿಯೇ ಬಿದ್ದು ಬಿದ್ದು ಮೇಲಿನ ತನಕ ತುಂಬಿದವು, ಆಟ ಸತ್ತ ಸದ್ದು ಬಂತು.

"ಮತ್ತ ಕೊಟ್ಟಿರಿ," ಅಂದಳು. "ಯಾರನ್ನ ಕೇಳಿ ಕೊಟ್ಟಿರಿ? ಅವತ್ತೂ ಕೇಳಲಿಲ್ಲ, ಇವತ್ತೂ ಕೇಳಲಿಲ್ಲ. ಇದು ಯಾರು ಆಡ್ತಾರ ಅಂತ ಒಂದು ದಿನರ ಕಣ್ಣಿಟ್ಟು ನೋಡೀರೇನು? ಆ ಹೊಸಾದು ತರೂಮುಂದ ಊರ ಮಂದಿನ್ನೆಲ್ಲ ಕೇಳಿದ್ರಿ, ನನ್ನ ಒಂದು ಮಾತು ಕೇಳಿದ್ರ ಏನು ಕಿರೀಟ ಬೀಳ್ತಿತ್ತು? ದಿನಕ್ಕ ಒಂದು ತಾಸು ನಂದು ಅಂತ ಇತ್ತು. ಅದನ್ನ ಎತ್ತಿ ಉಡ್ಯಾಗ ಹಾಕಿ ಕಳಿಸಿಬಿಟ್ರಿ."

ಅಪ್ಪ ತಂಗಿಯ ಕಡೆ ನೋಡಿದ, ಅವಳಾದರೂ ತನ್ನ ಪರ ನಿಲ್ಲುತ್ತಾಳೆ ಅಂತ. ಶಾಂತತ್ತಿ ಅಣ್ಣನ ಕಣ್ಣಲ್ಲಿ ಕಣ್ಣಿಟ್ಟು, "ಅಣ್ಣಾ, ನೀ ನನ್ನ ಉಡ್ಯಾಗ ನಿಂದು ಹಾಕೀದಿ ಅಂತ ತಿಳಿದಿದ್ದೆ. ವೈನೀದು ಹಾಕೀದಿ" ಅಂದಳು.

ಆಮೇಲೆ ಒಳಗೆ ಹೋಗಿ ಮಣೆ ತಂದು ಹಾಕಿದಳು. ಅವ್ವ ಬೇಡ ಬೇಡ ಅಂದರೂ ಕೈಹಿಡಿದು ಕೂರಿಸಿ, ಅರಿಶಿಣ ಕುಂಕುಮ ಹಚ್ಚಿ, ಉಡಿಗೆ ಅಕ್ಕಿ ಹಾಕಿದಳು, ಬೆಲ್ಲ ಹಾಕಿದಳು, ಕೊಬ್ಬರಿ ಹಾಕಿದಳು. ಕೊನೆಗೆ ಕ್ಯಾಸೆಟ್ ಸಮೇತ ಡಬ್ಬಿಯನ್ನು ಹಾಕಿದಳು. "ಇದು ನಂದಾಗಿತ್ತು. ನಂದನ್ನ ನಾ ಕೊಡಾಕತ್ತೀನಿ. ತಿರುಗಿ ಕೊಟ್ಟೆ ಅಂತ ಯಾರಾರ ಅಂದ್ರ ನನ್ನ ಮುಂದ ಬಂದು ಅನ್ಲಿ," ಅಂದಳು, ಅಣ್ಣನಿಗೂ ಅತ್ತೆಗೂ ಒಟ್ಟಿಗೇ ಕೇಳುವ ಹಾಗೆ.

ಅವ್ವ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ನನಗೂ ಅಳು ಬಂತು. ಕೊನೆಗೂ ಯಾರೋ ಒಬ್ಬರು ಅವಳದನ್ನು ಅವಳಿಗೆ ಕೊಟ್ಟರಲ್ಲ ಅಂತ ಎದೆ ಉಬ್ಬಿತು. ಮೂಗು ಒರೆಸಿಕೊಂಡು ಅವ್ವ ಬಸುವಿನ ಕಡೆ ನೋಡಿದಳು. ಅವನು ಡಬ್ಬಿ ಹೋಯಿತಲ್ಲ ಅಂತ ತನ್ನ ತಾಯಿಯ ಸೆರಗು ಜಗ್ಗುತ್ತ ಮುಖ ಸಣ್ಣ ಮಾಡಿಕೊಂಡಿದ್ದ.

"ನೀ ಯಾಕ ಅಳ್ತೀಯೋ ನನ್ನಪ್ಪಾ?" ಅಂದಳು ಅವ್ವ, ಅವನ ಗಲ್ಲ ಸವರುತ್ತ. "ಹೊಸಾದು ಐತಲ್ಲ ಮನ್ಯಾಗ, ಕಲರಿಂದು. ನಾಳಿನ ಬಸ್ಸಿಗೆ ಕಳಸ್ತೀನಿ. ಅದರ ಕ್ಯಾಸೆಟ್ ಸಮೇತ ಕಳಸ್ತೀನಿ ಶಾಂತಾ, ಮರಿಯಂಗಿಲ್ಲ."

ಒಂದು ಕ್ಷಣ ಕಿವಿಗೆ ಬಿದ್ದದ್ದು ನನ್ನ ತಲೆಗೆ ಹೋಗಲಿಲ್ಲ.

"ಅವ್ವಾ, ಅದು ನಂದು!" ಅಂದೆ. "ಯಾರನ್ನ ಕೇಳಿ ಕೊಡಾಕತ್ತಿ?"

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ, ಶಾಂತತ್ತಿ, ಮುದುಕಿ, ಬಸು. ಅವ್ವ ಕೂಡ ತಿರುಗಿದಳು. ಅವಳ ಕಣ್ಣಲ್ಲಿ ಇನ್ನೂ ನೀರಿತ್ತು. ಉಡಿಯಲ್ಲಿದ್ದ ಡಬ್ಬಿಯನ್ನು ಒಂದು ಕೈಯಿಂದ ಒತ್ತಿ ಹಿಡಿದುಕೊಂಡೇ, ಶಾಂತತ್ತಿಗೆ ಹೇಳಿದಳು:

"ಇನ್ನ ಸಣ್ಣಾಕಿ ಅದಾಳ. ನಾಕು ದಿನ ಅಳ್ತಾಳ, ಆಮ್ಯಾಲ ಹೊಂದಿಕೋತಾಳ ಬಿಡು."

ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಮರುದಿನ ಮಸ್ಕಿಯ ಮೇಲೆ ಹಾಯ್ದು ಹೋದ ಬಸ್ಸಿನಲ್ಲಿ ಹೊಸ ಡಬ್ಬಿ ಲಿಂಗಸುಗೂರಿಗೆ ಹೋಯಿತು. ನಾನು ಅವ್ವ ಹೇಳಿದಂತೆ ನಾಲ್ಕು ದಿನ ಅಳುತ್ತ ಕೂತೆ. ಹೊಂದಿಕೊಂಡಿಲ್ಲ, ಇವತ್ತಿನ ತನಕ.